ರಿಪೇರಿ ಕೆಲಸದ ಬೆನ್ನು ತಟ್ಟಿದವರಿಗೆ

ಎಲ್ಲರಿಗೂ ನಮಸ್ಕಾರ.

ಎಲಿವೇಟ್ ಅನುದಾನದ ಕಲ್ಯಾಣ ಕರ್ನಾಟಕ ವಿಭಾಗದಲ್ಲಿ, ಊರೂರಿನ ಕುಡಿಯುವ ನೀರಿನ ಘಟಕಗಳನ್ನು ರಿಪೇರಿ ಮಾಡಿ ನಡೆಸುವ ನಮ್ಮ ಪುಟ್ಟ ಸಂಸ್ಥೆ ಆಯ್ಕೆಯಾಗಿದೆ ಅನ್ನೋ ಸುದ್ದಿ ಬಂದ ದಿನದಿಂದ ಫೋನಿಗೆ ಬಿಡುವಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದ, ದೂರದ ಬೆಂಗಳೂರಿನಿಂದಲೂ ಕರೆ ಮಾಡಿ ಹರಸಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಕೆ ಕೂತರೆ ಯಾರನ್ನೋ ಮರೆತೇನು ಎಂಬ ಅಂಜಿಕೆ. ಅದಕ್ಕೆ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಎಲಿವೇಟ್ ಅಂದರೇನು ಎಂದು ನಮ್ಮೂರಿನಲ್ಲಿ ಬಹಳ ಜನ ಕೇಳಿದರು. ರಾಜ್ಯದ ಐಟಿ-ಬಿಟಿ ಇಲಾಖೆ 2017ರಲ್ಲಿ ಶುರು ಮಾಡಿದ ಯೋಜನೆ ಅದು. ಆರಂಭದ ಹಂತದಲ್ಲಿರುವ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಾರೆ. ಅದು ಸಾಲವಲ್ಲ, ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ತೀರ್ಪುಗಾರರ ಮುಂದೆ ನಿಂತು ನಮ್ಮ ಕೆಲಸವನ್ನು ವಿವರಿಸಬೇಕು, ಆಯ್ಕೆಯಾದರೆ ಒಪ್ಪಿಕೊಂಡ ಕೆಲಸ ಮುಗಿದಂತೆ ಹಂತಹಂತವಾಗಿ ಹಣ ಬರುತ್ತದೆ. ನಮಗೆ ಸಿಕ್ಕಿದ್ದು ಆ ಗರಿಷ್ಠ ಮೊತ್ತಕ್ಕಿಂತ ಬಹಳ ಕಡಿಮೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು, ಎರಡು ವರ್ಷದ ಉಸಿರು ಸಿಕ್ಕಂತಾಯಿತು.

ತೀರ್ಪುಗಾರರ ಮುಂದೆ ನಿಂತ ದಿನ ನನಗೆ ಎದೆ ಡವಡವ ಎನ್ನುತ್ತಿತ್ತು. ಒಬ್ಬರು ಕೇಳಿದರು: "ನಿಮ್ಮ ಯಂತ್ರದಲ್ಲಿ ಹೊಸದೇನಿದೆ?" ಹೊಸ ಯಂತ್ರ ಏನೂ ಇಲ್ಲ ಸರ್, ಇರುವ ಯಂತ್ರ ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ ಎಂದೆ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವರೇ ಕುರ್ಚಿ ಮುಂದೆಳೆದುಕೊಂಡು, "ಹಾಗಾದರೆ ಹೇಗೆ ನೋಡಿಕೊಳ್ಳುತ್ತೀರಿ ಅದನ್ನ ಹೇಳಿ" ಎಂದರು. ಆ ಒಂದು ಪ್ರಶ್ನೆಗೆ ನಾನು ಜೀವನಪೂರ್ತಿ ಋಣಿ. ರಿಪೇರಿಯನ್ನೂ ಒಂದು ಕಸುಬು, ಒಂದು ಉದ್ಯಮ ಎಂದು ಒಪ್ಪಿಕೊಂಡು, ಅದರ ಮೇಲೆ ಸಾರ್ವಜನಿಕರ ಹಣ ಹೂಡಲು ಮುಂದಾದ ಆ ಸಮಿತಿಯ ಎಲ್ಲರಿಗೂ ಕೈಮುಗಿದು ವಂದನೆ.

ಅವತ್ತು ಅಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ನಮ್ಮ ಭಾಗದ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಆ ಕಲ್ಲಿನೊಳಗಿನ ಫ್ಲೋರೈಡ್ ವರ್ಷಗಟ್ಟಲೆ ನೀರಿನಲ್ಲಿ ಕರಗಿ ಬೋರಿನಲ್ಲಿ ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನೂ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದವರಿಗೆ ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ. ನಮ್ಮ ಅಜ್ಜಿ ರೊಟ್ಟಿ ಬಡಿಯಲು ಕೂತರೆ ಏಳಲು ಇಬ್ಬರ ಕೈ ಬೇಕಿತ್ತು. ವಯಸ್ಸಾಯಿತು ಎಂದೇ ತಿಳಿದಿದ್ದೆವು. ಅವಳಿಗೆ ಆಗ ಐವತ್ತೆಂಟು. ನೀರು ಎಂದು ಗೊತ್ತಾಗುವ ಹೊತ್ತಿಗೆ ಅವಳು ಇರಲಿಲ್ಲ.

ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ಈಗಲೂ ಹಲವರು ನಂಬಿದ್ದಾರೆ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ದಯವಿಟ್ಟು ಇದನ್ನು ನಿಮ್ಮ ಮನೆಯ ಹಿರಿಯರಿಗೂ ಹೇಳಿ.

ಈ ಕಾರಣಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು, ನಮ್ಮ ಬಾಯಲ್ಲಿ 'ಫಿಲ್ಟರ್ ನೀರು'. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಬಂದಾಗ ತೆಂಗಿನಕಾಯಿ ಒಡೆದು, ಟೇಪು ಕತ್ತರಿಸಿ ಶುರು ಮಾಡಿದ ಯಂತ್ರಗಳು ಒಂದೆರಡು ವರ್ಷಕ್ಕೆ ಒಂದೊಂದಾಗಿ ನಿಂತವು. ನೀರು ಸೋಸುವ ತೆಳು ಪದರದ (ಮೆಂಬ್ರೇನ್) ಮೇಲೆ ಉಪ್ಪು ಕಟ್ಟದಂತೆ ತಡೆಯುವ ಔಷಧಿ ಮುಗಿದಿರುತ್ತದೆ, ಹಾಕುವವರಿಲ್ಲ. ವೋಲ್ಟೇಜ್ ಏರುಪೇರಿಗೆ ಮೋಟಾರು ಸುಟ್ಟಿರುತ್ತದೆ. ಎಷ್ಟೋ ಕಡೆ ಕೆಲವೇ ನೂರು ರೂಪಾಯಿಯ ಬಿಡಿಭಾಗಕ್ಕಾಗಿ ಲಕ್ಷಗಟ್ಟಲೆಯ ಘಟಕಕ್ಕೆ ಬೀಗ. ಒಂದೂರಿನಲ್ಲಿ ನಾವು ಬೀಗ ತೆಗೆಸಿ ಒಳಹೊಕ್ಕಾಗ ಹಿರಿಯಮ್ಮ ಒಬ್ಬರು ಬಾಗಿಲಲ್ಲೇ ನಿಂತು, "ಯವ್ವಾ, ಇದು ಬಂದಾಗ ಪೂಜಾ ಮಾಡಿದ್ವಿ, ಆಮ್ಯಾಲ ಯಾರೂ ಹೊಳ್ಳಿ ನೋಡ್ಲಿಲ್ಲ. ನೀವರ ಎಷ್ಟು ದಿನ ಬರ್ತೀರಿ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾವು ಇದನ್ನು ಸಂಸ್ಥೆಯಾಗಿ ಕಟ್ಟಿದ್ದು. ಹವ್ಯಾಸಕ್ಕೆ ಮಾಡುವ ಸೇವೆ ಮೂರು ತಿಂಗಳಿಗೆ ದಣಿಯುತ್ತದೆ. ಸಂಬಳ, ಲೆಕ್ಕ, ಬಿಡಿಭಾಗದ ದಾಸ್ತಾನು ಇದ್ದರೆ ಮಾತ್ರ ಮರುವರ್ಷವೂ ಬರಬಹುದು.

ನನ್ನ ಜೊತೆಗಾರರಿಬ್ಬರ ಪೈಕಿ ಒಬ್ಬನ ಪರಿಚಯವಾದದ್ದು ಹಿರೇಹಳ್ಳದಲ್ಲಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಳ್ಳ ಸ್ವಚ್ಛ ಮಾಡಿಸಲು ತಾವೇ ನೀರಿಗಿಳಿದಾಗ ಜಿಲ್ಲೆಯ ಮೂಲೆಮೂಲೆಯಿಂದ ಜನ ಹೋಗಿದ್ದರು, ನಾನೂ ಹೋಗಿದ್ದೆ. ಪಕ್ಕದಲ್ಲಿ ಬುಟ್ಟಿ ಹಿಡಿದವನು ಐಟಿಐ ಫಿಟ್ಟರ್. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಕಿವಿ ಅವನದು. ಇನ್ನೊಬ್ಬಳು ನನ್ನ ಡಿಪ್ಲೊಮಾ ಗೆಳತಿ. ಪಂಪು ನಿಂತರೆ, ಒತ್ತಡ ಇಳಿದರೆ ನಮ್ಮ ಫೋನಿಗೆ ಮೆಸೇಜು ಕಳಿಸುವ ಪೆಟ್ಟಿಗೆಯನ್ನು ಮಾಡಿದವಳು ಅವಳು. ವೇದಿಕೆಯಲ್ಲಿ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು, ಫೋಟೋದಲ್ಲಿ ನಾನೇ ಎದ್ದು ಕಾಣುತ್ತೇನೆ. ಹೆಗಲು ಕೊಟ್ಟವರು ಅವರಿಬ್ಬರು.

ಆದರೆ ನಮ್ಮ ಮೂವರಿಂದ ಏನೂ ಆಗುತ್ತಿರಲಿಲ್ಲ, ಊರಿನ ನೀರುಗಂಟಿಗಳು ನಮ್ಮನ್ನು ಹತ್ತಿರ ಸೇರಿಸದೆ ಹೋಗಿದ್ದರೆ. ಹಿಂದೆ ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ನಿರ್ಧರಿಸುತ್ತಿದ್ದವರ ಹೆಸರು ಅದು, ಈಗ ಪಂಚಾಯ್ತಿಯ ವಾಲ್ವು ತಿರುಗಿಸುವವರಿಗೆ ಬಂದಿದೆ. ಯಾವ ಬೋರು ಯಾವ ತಿಂಗಳಲ್ಲಿ ಕೈಕೊಡುತ್ತದೆ, ಯಾವ ಓಣಿಯ ಪೈಪು ಎಲ್ಲಿ ಸೋರುತ್ತದೆ ಎಂಬ ನಕ್ಷೆ ಅವರ ತಲೆಯಲ್ಲಿದೆ, ಬೇರೆಲ್ಲೂ ಇಲ್ಲ. ನಮಗೆ ಅದನ್ನು ಬಿಚ್ಚಿ ಹೇಳಿದ ಅಣ್ಣಂದಿರೇ, ಕಾಕಾಗಳೇ, ಈ ಗೌರವದ ಮೊದಲ ಪಾಲು ನಿಮ್ಮದು.

ಎರಡನೆಯದು ಸ್ವಸಹಾಯ ಸಂಘದ ಅಕ್ಕಂದಿರದು. ನಾಣ್ಯದ ಲೆಕ್ಕ ಅವರ ಕೈಗೆ ಬಂದ ಮೇಲೆ ಒಂದು ರೂಪಾಯಿ ಹೆಚ್ಚುಕಡಿಮೆಯಾಗಿಲ್ಲ. ಫ್ಲೋರೈಡ್ ಪರೀಕ್ಷೆಯನ್ನೂ ಈಗ ಅವರೇ ಮಾಡುತ್ತಾರೆ. ಟಿಡಿಎಸ್ ಮೀಟರಿನ ಅಂಕಿ ನೋಡಿ ನೀರು ಚೆನ್ನಾಗಿದೆ ಎನ್ನುವ ರೂಢಿ ಎಲ್ಲ ಕಡೆ ಇದೆ. ಆ ಮೀಟರು ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಕಿಟ್ ಬೇಕು: ಸಣ್ಣ ಸೀಸೆಯ ನೀರಿಗೆ ಕೆಲವು ಹನಿ ದ್ರಾವಣ ಬಿಟ್ಟರೆ, ಫ್ಲೋರೈಡ್ ಕಡಿಮೆ ಇದ್ದಲ್ಲಿ ಗುಲಾಬಿ ಬಣ್ಣ ಉಳಿಯುತ್ತದೆ, ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಪ್ರತಿ ತಿಂಗಳು ಪರೀಕ್ಷೆ ಮಾಡಿ ಘಟಕದ ಗೋಡೆಯ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಓದು ಬಾರದ ಅಕ್ಕ ಒಬ್ಬರು, ಅಂಕಿ ಬೇಡ, ಆ ಬಣ್ಣವನ್ನೇ ಬಳಿಯೋಣ ಎಂದರು. ಈಗ ಎಲ್ಲ ಘಟಕಗಳ ಗೋಡೆಯ ಮೇಲೂ ಒಂದು ಬಣ್ಣದ ಚೌಕವಿದೆ. ಕ್ಯಾನು ಹೊತ್ತು ಬರುವ ಮಕ್ಕಳು ಮೊದಲು ಅದನ್ನೇ ನೋಡುತ್ತಾರೆ. ನಮ್ಮ ಕೆಲಸದಲ್ಲಿ ಯಾವುದನ್ನಾದರೂ ಹೊಸತು ಎನ್ನಬಹುದಾದರೆ ಇದೇ, ಅದು ಹುಟ್ಟಿದ್ದು ಆ ಅಕ್ಕನ ತಲೆಯಲ್ಲಿ.

ಘಟಕದಿಂದ ಹೊರಬೀಳುವ ವೇಸ್ಟ್ ನೀರಿನ ಬಗ್ಗೆ ಕೇಳಿದವರಿಗೂ ಧನ್ಯವಾದ. ಹಾಕಿದ ನೀರಿನಲ್ಲಿ ಸುಮಾರು ಅರ್ಧ ಹಾಗೆ ಹೋಗುತ್ತದೆ, ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ದನಗಳ ತೊಟ್ಟಿಗೆ ಬಿಡಬಾರದು, ಬೋರಿಗೆ ಇಂಗಿಸಲೂಬಾರದು. ಸದ್ಯ ಶೌಚಾಲಯಕ್ಕೆ, ಬಟ್ಟೆ ಒಗೆಯಲು ತಿರುಗಿಸುತ್ತಿದ್ದೇವೆ. ಇದಕ್ಕೆ ಪೂರ್ತಿ ಪರಿಹಾರ ನಮ್ಮ ಬಳಿ ಇನ್ನೂ ಇಲ್ಲ. ಅನುದಾನದ ಒಂದು ಭಾಗವನ್ನು ಇದಕ್ಕೇ ಎತ್ತಿಟ್ಟಿದ್ದೇವೆ.

ಈಗ ಕಷ್ಟದ ದಿನಗಳ ಮಾತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಅದರ ಬೆನ್ನಿಗೆ ಬಂದ ಬೇಸಿಗೆಯಲ್ಲಿ ಬೋರುಗಳ ನೀರು ಇಳಿದು ಕೆಸರು ಬಂತು, ಮೆಂಬ್ರೇನ್‌ಗಳು ವಾರ ವಾರಕ್ಕೆ ಕಟ್ಟಿಕೊಂಡವು. ಅದೇ ಹೊತ್ತಿಗೆ ನಮಗೆ ಬರಬೇಕಿದ್ದ ದುಡ್ಡು ಒಂದು ಕಡೆ ಏಳು ತಿಂಗಳು ನಿಂತುಹೋಯಿತು. ಅವ್ವ ತನ್ನ ಬೋರಮಾಳ ಸರ ಬಿಚ್ಚಿ ನನ್ನ ಕೈಗಿಟ್ಟಳು. ಅಡವಿಟ್ಟ ದುಡ್ಡಿನಲ್ಲಿ ಹುಡುಗರ ಎರಡು ತಿಂಗಳ ಸಂಬಳ ಕೊಟ್ಟೆ. "ನಮ್ಮತ್ತಿ ಬೆನ್ನು ನೋಡೀನಿ ನಾ, ಸರ ಏನ್ ಮಾಡ್ಲಿ" ಅಂದಿದ್ದಳು. ಆ ಸರ ಈಗ ಮರಳಿ ಅವಳ ಕೊರಳಲ್ಲಿದೆ. ಇಬ್ಬರು ಹುಡುಗರು ಮೂರು ತಿಂಗಳು ಅರ್ಧ ಸಂಬಳಕ್ಕೇ ದುಡಿದರು, ಬೈಕಿನ ಪೆಟ್ರೋಲಿಗೆ ತಮ್ಮ ಕೈಯಿಂದಲೇ ಹಾಕಿದರು. ಕುಷ್ಟಗಿಯ ಬಿಡಿಭಾಗದ ಅಂಗಡಿಯ ಮಾಲೀಕರು ಉದ್ರಿ ಪುಸ್ತಕದಲ್ಲಿ ನಮ್ಮ ಪುಟ ತುಂಬಿದಾಗ ಮಾತಿಲ್ಲದೆ ಇನ್ನೊಂದು ಪುಟ ತೆರೆದರು. ಅಪ್ಪ ಆ ಬೇಸಿಗೆಯಿಡೀ ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕು ಎಳೆದ, ನಮ್ಮ ಘಟಕ ನಿಂತ ಊರುಗಳಿಗೆ.

ಮರುವರ್ಷ ಮಳೆ ಬಂತು, ಡ್ಯಾಮು ತುಂಬಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಮ್ಮ ಭಾಗದ ಪ್ರತಿ ಮನೆಯಲ್ಲೂ ಅವತ್ತು ಸಂಕಟ. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಭೋರ್ಗರೆಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂರಿಸಿ ಉಳಿದ ನೀರನ್ನು ಹಿಡಿದು ನಿಲ್ಲಿಸಿದರು. ಟಿವಿಯ ಮುಂದೆ ಕೂತು ಅದನ್ನು ನೋಡುತ್ತಿದ್ದಾಗ ನಮ್ಮ ಫಿಟ್ಟರ್ ಗೆಳೆಯನ ಕಣ್ಣು ತುಂಬಿಬಂತು. ಸಂಸ್ಥೆ ಮುಚ್ಚಿಬಿಡೋಣವೇ ಎಂದು ನಾವು ಒಳಗೊಳಗೇ ಯೋಚಿಸುತ್ತಿದ್ದ ದಿನಗಳು ಅವು. ಆಮೇಲೆ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಎಲಿವೇಟ್‌ಗೆ ಅರ್ಜಿ ತುಂಬಲು ಕೂತದ್ದೂ ಅದರ ನಂತರವೇ.

ಅರ್ಜಿಯ ಇಂಗ್ಲಿಷು, ಲೆಕ್ಕಪತ್ರದ ಹಾಳೆಗಳು ನಮ್ಮನ್ನು ಬಹಳ ಕಾಡಿದವು. ರಾತ್ರಿ ಹನ್ನೊಂದರವರೆಗೆ ಕೂತು ತಿದ್ದಿಕೊಟ್ಟ ನಮ್ಮ ಕಾಲೇಜಿನ ಮೇಡಂ, ಫೀಸು ಬೇಡ ಎಂದ ಕೊಪ್ಪಳದ ಆಡಿಟರ್ ಸರ್, ನಿಮ್ಮ ಉಪಕಾರ ಮರೆಯುವಂಥದ್ದಲ್ಲ. ಸ್ಟಾರ್ಟಪ್ ಮಾಡಬೇಕೆಂದಿರುವ ನಮ್ಮ ಭಾಗದ ತಮ್ಮ ತಂಗಿಯರೇ, ಆ ಹಾಳೆಗಳು ತೊಡಕಾದರೆ ನಮ್ಮ ಆಫೀಸಿಗೆ ಬನ್ನಿ. ನಮ್ಮದನ್ನು ತೋರಿಸುತ್ತೇವೆ, ಜೊತೆಗೆ ಕೂತು ತುಂಬೋಣ.

ಬರುವ ಸೋಮವಾರ ಮೊದಲ ಕಂತಿನ ಹಣದಲ್ಲಿ ತಂದ ಮೆಂಬ್ರೇನ್‌ಗಳನ್ನು ಕೂರಿಸುತ್ತಿದ್ದೇವೆ. ಮೊದಲು ಹೋಗುವುದು "ನೀವರ ಎಷ್ಟು ದಿನ ಬರ್ತೀರಿ" ಎಂದು ಕೇಳಿದ ಆ ಹಿರಿಯಮ್ಮನ ಊರಿಗೆ. ಫೋನ್ ಮಾಡಿ ತಿಳಿಸಿದೆ. "ಉಂಡು ಬರಬ್ಯಾಡ್ರಿ, ರೊಟ್ಟಿ ಮಾಡಿರ್ತೀನಿ" ಎಂದರು.