ಹೆಸರಿಲ್ಲದ ಪೊಟ್ಟಣದೊಳಗೆ ಏನಿದೆ? ಜವಳಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಜವಳಿ ಸಚಿವರಿಗೆ ನಮಸ್ಕಾರ.

ನಾನು ರಬಕವಿ-ಬನಹಟ್ಟಿಯ ಬಣ್ಣಗಾರರ ಮನೆಯವಳು. ಈಗ ಬೆಂಗಳೂರಿನ ಜವಳಿ ಪರೀಕ್ಷಾ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ಪೊಟ್ಟಣ ಬಿಚ್ಚಿ ಕುದಿನೀರಿಗೆ ಪುಡಿ ಸುರಿಯುವಾಗ ಏಳುತ್ತಿದ್ದ ಕೆಂಪು ಧೂಳು ಅವರ ಹುಬ್ಬಿನ ಮೇಲೆ, ಮೂಗಿನ ಹೊಳ್ಳೆಯಲ್ಲಿ ಕೂರುತ್ತಿತ್ತು. ಪೊಟ್ಟಣದ ಮೇಲೆ ಯಾರು ತಯಾರಿಸಿದ್ದು, ಯಾವ ರಾಸಾಯನಿಕ ಎಂಬುದಿಲ್ಲ. ‘ಕುಂಕುಮ’ ಎಂದು ಪೆನ್ಸಿಲ್‌ನಲ್ಲಿ ಗೀಚಿರುತ್ತಿತ್ತು, ಅಷ್ಟೇ.

ಅಂಥದ್ದೇ ಕೆಂಪು ಬಟ್ಟೆ ಇಂದು ನನ್ನ ಮೇಜಿಗೆ ಬರುತ್ತದೆ. ಒಂದು ಗ್ರಾಂ ಕತ್ತರಿಸಿ, ಸಿಟ್ರೇಟ್ ದ್ರಾವಣದಲ್ಲಿ 70 ಡಿಗ್ರಿಗೆ ಕಾಯಿಸಿ, ಸೋಡಿಯಂ ಡೈಥಯೋನೈಟ್ ಹಾಕಿದರೆ ಕಣ್ಣೆದುರೇ ಕೆಂಪು ಮಾಸುತ್ತದೆ. ಆಜೋ ಬಣ್ಣದ ಜೀವಾಳವಾದ ಎರಡು ನೈಟ್ರೋಜನ್‌ಗಳ ಕೊಂಡಿ ಕಳಚಿತು ಎಂದರ್ಥ. ಉಳಿಯುವ ತುಣುಕುಗಳೇ ಅಮೈನ್‌ಗಳು. ಅವನ್ನು ಈಥರ್‌ಗೆ ಇಳಿಸಿ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರಕ್ಕೆ ಕೊಡುತ್ತೇವೆ. ನಿರ್ಬಂಧಿತ ಅಮೈನ್ ಯಾವುದಾದರೂ ಕಿಲೋಗೆ 30 ಮಿಲಿಗ್ರಾಂ ದಾಟಿದರೆ ಆ ಉಡುಪಿಗೆ ಯುರೋಪಿನ ಬಾಗಿಲು ಮುಚ್ಚಿದಂತೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಇದೇ ಕೊಂಡಿಯನ್ನು ಮುರಿಯಬಲ್ಲವು, ಅಂದರೆ ಈ ಅಮೈನ್‌ಗಳು ಮೈಯೊಳಗೂ ಹುಟ್ಟಬಹುದು.

ಎಲ್ಲ ಆಜೋ ಬಣ್ಣವೂ ವಿಷವಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ಕೆಲವು ಆಜೋ ಬಣ್ಣಗಳಿಂದ ಹೊರಬರುವ ಬೆಂಜಿಡೀನ್ ಎಂಬ ಅಮೈನ್ ಮೂತ್ರಕೋಶದ ಕ್ಯಾನ್ಸರ್ ತರುತ್ತದೆಂಬುದು ಸಾಬೀತಾಗಿದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆಗಳನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಗುರುತಿಸಿದ್ದರು. ನಮ್ಮ ಕೇಂದ್ರ ಸರ್ಕಾರವೂ 1993ರಲ್ಲಿ 42 ಬೆಂಜಿಡೀನ್ ಬಣ್ಣಗಳನ್ನು, 1997ರಲ್ಲಿ ಇನ್ನೂ 70 ಆಜೋ ಬಣ್ಣಗಳನ್ನು ನಿಷೇಧಿಸಿತು. ಸರಿ, ಹೆಸರೇ ಇಲ್ಲದ ಪುಡಿ ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಬಣ್ಣಗಾರ ಹೇಗೆ ತಿಳಿಯಬೇಕು? ನಮ್ಮ ಲ್ಯಾಬಿಗೆ ಬರುವುದೆಲ್ಲ ರಫ್ತಿನವರ ಬಟ್ಟೆ. ನಮ್ಮೂರಿನ ಒಬ್ಬ ಬಣ್ಣಗಾರನೂ ಒಂದು ಚಮಚ ಪುಡಿ ತಂದು ‘ನೋಡಿ ಹೇಳಿ’ ಎಂದದ್ದನ್ನು ನಾನು ಕಂಡಿಲ್ಲ. ಅದರ ಶುಲ್ಕ ಅವರ ಕೈಗೆಟುಕುವಂಥದ್ದಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಮಗ್ಗದ ಊರುಗಳಿಗೆ ಹತ್ತಿರದಲ್ಲೇ, ಬಾಗಲಕೋಟೆ ಜಿಲ್ಲೆಯಲ್ಲಿ, ಪುಡಿಯನ್ನೂ ನೂಲನ್ನೂ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆ ಬೇಕು. ಸಣ್ಣ ಬಣ್ಣಗಾರರಿಗೆ ಅದು ಉಚಿತವಾಗಿರಲಿ. ಯಂತ್ರ ತಂದು ಕೂರಿಸಿ, ಉದ್ಘಾಟನೆ ಮಾಡಿದರೆ ಮುಗಿಯುವುದಿಲ್ಲ. 4-ಅಮೈನೋಆಜೋಬೆಂಜೀನ್ ಎಂಬ ನಿರ್ಬಂಧಿತ ಅಮೈನ್ ಮಾಮೂಲಿ ವಿಧಾನದಲ್ಲಿ ಇನ್ನಷ್ಟು ಒಡೆದು ಅನಿಲಿನ್ ಎಂಬ ಬೇರೊಂದು ಅಮೈನ್ ಆಗಿ ಕಾಣುತ್ತದೆ. ಅದನ್ನು ಹಿಡಿಯಲು 40 ಡಿಗ್ರಿಯಲ್ಲಿ, ಕ್ಷಾರದಲ್ಲಿ ಬೇರೆಯೇ ಪರೀಕ್ಷೆ ಮಾಡಬೇಕು. ಒಂದೇ ತೂಕದ ಅವಳಿ ಅಮೈನ್‌ಗಳು ಒಂದರಂತೆ ಇನ್ನೊಂದು ತೋರುವುದೂ ಉಂಟು. ಹಾಗಾಗಿ ಎರಡನೆಯ ವಿಧಾನದಲ್ಲಿ ಖಚಿತಪಡಿಸಿಕೊಳ್ಳದೆ ಯಾರ ಮೇಲೂ ತಪ್ಪು ಹೊರಿಸಬಾರದು. ತಪ್ಪು ವರದಿಯೊಂದು ಬಡವನ ಭಟ್ಟಿಯನ್ನೇ ಆರಿಸಿಬಿಡುತ್ತದೆ. ಇದಕ್ಕೆ ಪಳಗಿದ ಕೈ ಬೇಕು, ಕಾಯಂ ಹುದ್ದೆ ಬೇಕು.

ವರದಿ ಕನ್ನಡದಲ್ಲಿರಲಿ. ನಿಷೇಧಿತ ಬಣ್ಣ ಸಿಕ್ಕಿದರೆ ಪರೀಕ್ಷೆಗೆ ತಂದವರಿಗೆ ದಂಡ ಹಾಕಬೇಡಿ. ಆ ಪೊಟ್ಟಣ ಮಾರಿದ ಅಂಗಡಿಗೆ, ಅಲ್ಲಿಂದ ಅದನ್ನು ತಯಾರಿಸಿದವರ ತನಕ ಅಧಿಕಾರಿಗಳನ್ನು ಕಳಿಸಿ.

ಇಂತಿ,
ಬಣ್ಣಗಾರರ ಮಗಳು