ಕಾಗದದ ಕಟ್ಟಡಗಳಿಗೂ ಒಂದು ಪುಟ ಬೇಕು

ಮಾನ್ಯರೇ,

ಮೇಜಿನ ಮೇಲೆ 28 ಮಿಲಿಮೀಟರ್ ಎತ್ತರದ ಸೈನಿಕರನ್ನಿಟ್ಟು, ದಾಳ ಉರುಳಿಸಿ, ನಡೆಯ ದೂರವನ್ನು ಪಟ್ಟಿಯಿಂದ ಅಳೆದು ಆಡುವ ಯುದ್ಧದಾಟಕ್ಕೆ ಬೇಕಾದ ಕಟ್ಟಡಗಳನ್ನು ನಾನು ದಪ್ಪ ಕಾಗದದಿಂದ ತಯಾರಿಸುತ್ತೇನೆ. ನನಗೆ ಸಿಕ್ಕ ಮಾದರಿಗಳಲ್ಲಿ ಹೆಚ್ಚಿನವು ಯುರೋಪಿನ ಮನೆ, ಚರ್ಚುಗಳೇ ಆಗಿದ್ದುದರಿಂದ, ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ನಮ್ಮ ಬೀದರಿನಲ್ಲಿ ಕಟ್ಟಿಸಿದ ಮದರಸಾವನ್ನೇ ಈ ಮಳೆಗಾಲದಲ್ಲಿ ಕೈಗೆತ್ತಿಕೊಂಡೆ. 5 ಅಡಿಗೆ 1 ಇಂಚಿನ ಪ್ರಮಾಣದಲ್ಲಿ ಮೂರು ಅಂತಸ್ತಿನ ಗೋಡೆಗಳು ಸುಲಭವಾಗಿ ನಿಂತವು. ಇಂದಿಗೂ ಉಳಿದಿರುವ ಆ ಒಂದೇ ಮಿನಾರ್ ಮಾತ್ರ ದುಂಡಗೆ ಸುತ್ತುವಾಗ ಮೂರು ಸಲ ಸುಕ್ಕುಗಟ್ಟಿತು. ಕೊನೆಗೆ ಅದನ್ನು ಹದಿನಾರು ಮುಖಗಳಾಗಿ ಬಿಡಿಸಿಕೊಂಡು, ಮಡಿಕೆಯ ಗೆರೆಗಳನ್ನು ಶಾಯಿ ತೀರಿದ ಬಾಲ್‌ಪೆನ್ನಿನಿಂದ ಗೀರಿ, ಕತ್ತರಿಸಿದ ಬಿಳಿ ಅಂಚುಗಳಿಗೆ ಬಣ್ಣ ಹಚ್ಚಿದ ಮೇಲೆ ಅಂಟಿಸಿದ ಗುರುತೇ ಕಾಣದಂತಾಯಿತು. ಒಳಗೆ ಸೈನಿಕರನ್ನಿಡಲು ಚಾವಣಿ ಬಿಚ್ಚಿ ಬರುವಂತಿರಬೇಕೆಂಬುದನ್ನು ನಾನು ತಡವಾಗಿ ಕಲಿತೆ.

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಬೀದರ್, ಕಲಬುರಗಿ ಕೋಟೆಗಳ ಬಾಗಿಲು, ಬುರುಜುಗಳನ್ನು ಕತ್ತರಿಸಿ ಮಡಚಿ ಕಟ್ಟುವ ಇಂತಹ ನಕ್ಷೆಗಳನ್ನು, ಅಂಟು ಹಚ್ಚುವ ಪಟ್ಟಿಗಳ ಸಮೇತ, ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ. ಪತ್ರಿಕೆಯ ಕಾಗದ ತೆಳುವೆನ್ನುವ ಚಿಂತೆ ಬೇಡ. ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿಕೊಂಡರೆ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ.

– ಓದುಗ, ಬೀದರ್