ತೊಟ್ಟಿಯ ಪಕ್ಕ ಕೂತವಳಿಗೆ

ಕೋಲಾರ

ಪ್ರೀತಿಯ ಸುಮಾ,

ನಿನ್ನ ಕವರ್ ಬಂದು ಹನ್ನೆರಡು ದಿನ ಆಯ್ತು. ವಿಶಾಖಪಟ್ಟಣದ ಹತ್ತಿರದ ತೊಟ್ಲಕೊಂಡಕ್ಕೆ ಹೋಗಿಬಂದದ್ದನ್ನು ಬರೆದಿದ್ದೀಯಲ್ಲ, ಎರಡು ಸಲ ಓದಿದೆ. ಕೊನೆಯಲ್ಲಿ ಪೆನ್ಸಿಲ್‌ನಲ್ಲಿ ಸೇರಿಸಿದ್ದನ್ನೂ ಓದಿದೆ. ಮೂರು ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯೋದಿಲ್ಲ ಅಂದಿದ್ದೀಯ. ಆ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನ ಯಾರು ಬೇಕಾದರೂ ಹೇಳ್ತಾರೆ, ಬಿಡು.

ಮೊದಲ ಆರು ಪುಟ ನಿನ್ನದಲ್ಲ ಮಗಳೇ. ಅಪಾರ ಶಾಂತಿ, ಅನಂತ ನೀಲಿ, ಕಾಲವೇ ನಿಂತಂತೆ. ಬೆಟ್ಟದ ಮೇಲೆ ಬೌದ್ಧ ವಿಹಾರ, ಕೆಳಗೆ ಬಂಗಾಳ ಕೊಲ್ಲಿ ಅಂದ ತಕ್ಷಣ ಇಂಥ ಮಾತು ಕರೆಯದೇನೇ ಬಂದು ಕೂತ್ಕೊಳ್ಳುತ್ತವೆ. ನಿಜ ಹೇಳು, ಆ ಬಿಸಿಲಲ್ಲಿ ನಿನಗೆ ಶಾಂತಿ ಸಿಕ್ಕಿತಾ? ಬಾಯಾರಿಕೆ ಆಗಲಿಲ್ವಾ? 1976ರಲ್ಲಿ ನೌಕಾಪಡೆಯವರು ವಿಮಾನದಿಂದ ಸರ್ವೆ ಮಾಡುವಾಗ ಆ ಜಾಗ ಕಣ್ಣಿಗೆ ಬಿತ್ತು, ಅಗೆದಾಗ ಶಾತವಾಹನರ ನಾಣ್ಯದ ಜೊತೆ ರೋಮಿನ ನಾಣ್ಯವೂ ಸಿಕ್ಕಿತು ಅಂತ ಬರೆದಿದ್ದೀಯ. ಸರಿ, ಇರಲಿ. ಆದರೆ ಇದರಲ್ಲೆಲ್ಲ ನೀನು ಎಲ್ಲಿದ್ದೀಯ?

ಏಳನೇ ಪುಟದಲ್ಲಿ ಇದ್ದೀಯ. ತೊಟ್ಲಕೊಂಡ ಅಂದರೆ ತೊಟ್ಟಿಲ ಬೆಟ್ಟ ಇರಬೇಕು ಅಂದುಕೊಂಡಿದ್ದೆ, ಮನೇಲಿ ತೆಲುಗು ಮಾತಾಡುವ ಅಜ್ಜಿ "ತೊಟ್ಲು ಅಂದ್ರೆ ತೊಟ್ಟಿಗಳು ಕಣೇ" ಅಂತ ತಿದ್ದಿದರು ಅಂದಿದ್ದೀಯ. ಆಮೇಲೆ ನೀನು ಬಂಡೆಯಲ್ಲೇ ಕೊರೆದ ತೊಟ್ಟಿಯ ಪಕ್ಕ ಮಂಡಿ ಊರಿ ಕೈ ಇಳಿಬಿಟ್ಟೆ. ನೀರು ಬೆಚ್ಚಗಿತ್ತು. ಬೆರಳಿಗೆ ಪಾಚಿ ಹತ್ತಿತು. ಒರೆಸಿಕೊಳ್ಳದೆ ಹಾಗೇ ನೋಡ್ತಾ ಕೂತೆ.

ಅಲ್ಲಿಗೆ ಬಂದಾಗ ನಾನು ಹಾಳೆ ಕೆಳಗಿಟ್ಟೆ. ಎರಡು ಸಾವಿರ ವರ್ಷದ ಹಿಂದಿನ ಭಿಕ್ಷುಗಳು. ಎದುರಿಗೆ ಕಡಲು ತುಂಬ ನೀರು, ಕುಡಿಯೋಕೆ ಒಂದು ಗುಟುಕೂ ಆಗಲ್ಲ. ಅದಕ್ಕೇ ಬಂಡೆ ಕಡಿದು ಮಳೆ ನೀರು ಹಿಡಿದರು. ಅಲ್ಲೇ ಹತ್ತಿರದ ಇನ್ನೊಂದು ಬೆಟ್ಟದ ಹೆಸರೂ ಬಾವಿಕೊಂಡ. ದೇವರ ಹೆಸರಲ್ಲ, ರಾಜನ ಹೆಸರಲ್ಲ, ಜನಕ್ಕೆ ನೆನಪಲ್ಲಿ ಉಳಿದದ್ದು ನೀರಿನ ಹೆಸರು. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಬರುವ ಸೀಮೆ ನಮ್ಮದು. ನೀನು ಶ್ರೀನಿವಾಸಪುರದಲ್ಲಿ ಟ್ಯಾಂಕರ್ ಹಾರ್ನ್ ಕೇಳಿ ಬಿಂದಿಗೆ ಹಿಡಿದು ಓಡಿದವಳು. ಸ್ತೂಪ ನೋಡೋಕೆ ಎಲ್ಲರೂ ನಿಲ್ಲುತ್ತಾರೆ, ತೊಟ್ಟಿಯ ಹತ್ತಿರ ನಿನ್ನಂಥವಳೇ ನಿಲ್ಲಬೇಕು. ಅದಕ್ಕೆ ಕೊಟ್ಟಿದ್ದು ಎಷ್ಟು? ಆರು ಸಾಲು! ಮುಂದಿನ ಪ್ಯಾರಾದಲ್ಲಿ ಮತ್ತೆ ಅದೇ ಶಾಂತಿ. ನನಗೆ ಎಂಥ ಸಿಟ್ಟು ಬಂತು ಗೊತ್ತಾ?

ಈ ಸಿಟ್ಟಿಗೆ ಕಾರಣ ಇದೆ. ಮೂವತ್ತು ವರ್ಷದ ಹಿಂದೆ ಆವಣಿ ಬೆಟ್ಟದ ಬಗ್ಗೆ ನಾನೊಂದು ಲೇಖನ ಬರೆದೆ. ಅವತ್ತು ಅಪ್ಪ ಜೊತೆಗಿದ್ದರು. ಅರ್ಧ ಹತ್ತುವಷ್ಟರಲ್ಲಿ ಕೂತುಬಿಟ್ಟರು. ಚಪ್ಪಲಿ ಬಿಚ್ಚಿ ಜೋಡಿಸಿಟ್ಟು, "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ" ಅಂದರು. ಮೇಲೆ ಇದ್ದಷ್ಟು ಹೊತ್ತೂ ನನ್ನ ಮನಸ್ಸೆಲ್ಲ ಕೆಳಗೇ ಇತ್ತು. ಲೇಖನದಲ್ಲಿ ಅಪ್ಪ ಇಲ್ಲ. ದಿವ್ಯ ಮೌನ ಅಂತ ಇದೆ. ಹೆಸರಾದ ಸಾಹಿತಿಯೊಬ್ಬರು ತುಂಬಿದ ಸಭೆಯಲ್ಲಿ ಅದನ್ನು ಹೊಗಳಿದರು. ಆ ಹೊಗಳಿಕೆಯ ರುಚಿ ಹತ್ತಿ ಎಷ್ಟೋ ವರ್ಷ ಅದೇ ಥರ ಬರೆದೆ. ಇದು ಸುಳ್ಳು ಕಣಯ್ಯಾ ಅಂತ ಒಬ್ಬರೂ ಹೇಳಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಕೋಪ ಇದೆ. ಆ ಲೇಖನ ಬರೆದ ಮುಂದಿನ ವರ್ಷ ಅಪ್ಪ ತೀರಿಹೋದರು. ಈಗ ಆ ದಿನದ ಬಗ್ಗೆ ಬರೆಯೋಣ ಅಂತ ಕೂತರೆ ಅವರ ಮುಖ ಸರಿಯಾಗಿ ನೆನಪಿಗೆ ಬರೋದಿಲ್ಲ. ಚಪ್ಪಲಿ ಮಾತ್ರ ಬರುತ್ತೆ.

ನಿನಗೆ ಇನ್ನೂ ಎಲ್ಲ ನೆನಪಿದೆ, ಅಲ್ವಾ? ಹಾಗಾದರೆ ಈ ವಾರವೇ ಕೂತ್ಕೋ. ಪತ್ರಿಕೆಯವರನ್ನು ಮರೆತುಬಿಡು, ನನ್ನನ್ನೂ ಮರೆತುಬಿಡು. ಮೊದಲ ಆರು ಪುಟ ತೆಗೆದು ಪಕ್ಕಕ್ಕಿಡು. ತೊಟ್ಟಿಗೆ ಕೈ ಇಳಿಬಿಟ್ಟ ಜಾಗದಿಂದ ಶುರು ಮಾಡು. ಜಾಸ್ತಿ ಬೇಡ, ಎರಡೇ ಪುಟ ಆದರೂ ಕಳಿಸು.

ಅಂದಹಾಗೆ, ಆ ನೀರು ಮುಟ್ಟಿದ್ದನ್ನು ಅಜ್ಜಿಗೆ ಹೇಳಿದೆಯಾ? ಏನಂದರು? ಅದನ್ನು ನೀನು ಬರೆದೇ ಇಲ್ಲ.

ನಿನ್ನ ಮೇಷ್ಟ್ರು